ಸಿಸ್ಟರಮ್ಮನ ಮಲಯಾಳಂ ಮಧ್ಯಾಹ್ನಗಳು

ಸಿಸ್ಟರಮ್ಮ ಸಿನಿಮಾ ನೋಡುತ್ತಿದ್ದ ರೀತಿಯೇ ಬೇರೆ. ನಾವೆಲ್ಲ ನಾಯಕನ ಮುಖ ನೋಡುತ್ತ ಕೂತರೆ ಅವರ ಕಣ್ಣು ಅವನ ಬೆನ್ನ ಹಿಂದಿನ ಗೋಡೆಯ ಮೇಲಿರುತ್ತಿತ್ತು. ನಾಯಕಿ ಅಳುತ್ತಿದ್ದರೆ ಇವರು ರಿಮೋಟಿನ ಗುಂಡಿ ಒತ್ತಿ ಚಿತ್ರ ನಿಲ್ಲಿಸಿ, ಎದ್ದು ಹೋಗಿ, ಟೀವಿಯ ಗಾಜಿಗೆ ಬೆರಳು ತಾಗಿಸುತ್ತಿದ್ದರು.

"ಈ ಕಿಡಕಿ ನೋಡ್ರಿ. ಅಡಗಿ ಮನಿಗೆ ಇದೊಂದೇ ಕಿಡಕಿ, ಅದೂ ಹಿತ್ತಲ ಕಡಿ. ಮುಂದಿನ ಬಾಗಲಕ್ಕ ಯಾರ್ ಬಂದ್ರು, ಯಾರ್ ಹೋದ್ರು ಈಕಿಗೆ ಗೊತ್ತಾಗಂಗಿಲ್ಲ. ಯಾಕ ಅಳಾಕತ್ತಾಳ ಅಂತ ಕೇಳ್ತೀರಲ್ಲ, ಇದಕ್ಕ."

ಹಾಗಂದು ಬಂದು ಕೂತು ಮತ್ತೆ ಗುಂಡಿ ಒತ್ತುತ್ತಿದ್ದರು. ನಾಯಕಿ ಅಳು ಮುಂದುವರಿಸುತ್ತಿದ್ದಳು.

ಈ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಶಹಾಪುರದಲ್ಲಿ ನಮ್ಮ ಓಣಿಯಲ್ಲೇ, ನಮ್ಮ ಮನೆಯ ಎದುರು ಸಾಲಿನಲ್ಲಿ ಇದ್ದವರು. ನರ್ಸ್ ತರಬೇತಿ ಮುಗಿಸಿ ಹುಡುಗಿಯಾಗಿದ್ದಾಗಲೇ ಕೇರಳದಿಂದ ಈ ಕಡೆ ಬಂದರು. ಮೊದಲು ತಿಂಥಣಿಯ ಕಡೆಯ ಹಳ್ಳಿಗಳು, ಆಮೇಲೆ ಸುರಪುರ, ಕೊನೆಗೆ ಶಹಾಪುರ. ಮದುವೆ ಮಾಡಿಕೊಳ್ಳಲಿಲ್ಲ. ನಿವೃತ್ತಿಯಾದ ಮೇಲೂ ಊರಿಗೆ ಹೋಗಲಿಲ್ಲ. ಒಮ್ಮೆ ಬೆಂಗಳೂರಿನ ಅಧಿಕಾರಿಯೊಬ್ಬರು ಅವರ ಮುಖ ನೋಡಿ, "ನೀವು ಯಾವ ಕಡೆಯವರು ಮೇಡಂ?" ಎಂದು ಕೇಳಿದಾಗ, "ತಿಂಥಣಿ ಕಡಿಯಾಕಿ ರೀ, ಯಾಕ?" ಎಂದಿದ್ದರಂತೆ. ಕನ್ನಡ ಟೀಚರ್ ಆದ ನನ್ನ ಬಾಯಲ್ಲಿ ಪುಸ್ತಕದ ಮಾತು ಬಂದರೆ, "ಏ, ನಟ್ಟಗ ಮಾತಾಡ ಟೀಚರ್, ಸಾಲಿ ಬಿಟ್ಟೈತಿ" ಎಂದು ಗದರುತ್ತಿದ್ದರು.

ಅವರಿಗೆ ಎರಡು ವಿಚಿತ್ರ ಅಭ್ಯಾಸಗಳಿದ್ದವು. ಒಂದು, ಅವರ ಮನೆಗೆ ಯಾರೇ ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟರೂ ಅವರು ಕೂಡಲೇ ಹೋಗಿ ಬಗ್ಗಿ ಅವನ್ನು ತಿರುಗಿಸಿ ಇಡುತ್ತಿದ್ದರು, ಮೂತಿ ಬೀದಿಯ ಕಡೆಗೆ ಬರುವ ಹಾಗೆ. ಮೊಣಕಾಲು ನೋವಿನಲ್ಲಿ ನರಳುತ್ತಿದ್ದಾಗಲೂ ಇದನ್ನು ಬಿಡಲಿಲ್ಲ. ಯಾಕೆಂದು ಕೇಳಿದರೆ, "ಮನಿ ಕಡಿ ಮುಖ ಮಾಡಿದ ಚಪ್ಲಿ ನನಗ ಆಗಿಬರಂಗಿಲ್ಲ" ಎನ್ನುತ್ತಿದ್ದರು, ಅಷ್ಟೇ. ಇನ್ನೊಂದು, ಅವರು ಬಾವಿಯೊಳಗೆ ಇಣುಕುತ್ತಿರಲಿಲ್ಲ. ಹಳ್ಳಿಗಳಲ್ಲಿ ಕೆಲಸ ಮಾಡುವಾಗ ಮಳೆಗಾಲಕ್ಕೆ ಮುಂಚೆ ಬಾವಿಗಳಿಗೆ ಔಷಧದ ಪುಡಿ ಹಾಕಿಸುವುದು ಅವರ ಜವಾಬ್ದಾರಿ. ಪುಡಿಯನ್ನು ಜೊತೆಯವರ ಕೈಗೆ ಕೊಟ್ಟು ತಾವು ಬಾವಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದರಂತೆ. ಪುಡಿ ನೀರಿಗೆ ಬಿದ್ದ ಸದ್ದು ಕೇಳಿದ ಕೂಡಲೇ ನಡೆಯಲು ಶುರು.

ಕಾರಣ ನನಗೆ ಗೊತ್ತಾದದ್ದು ಬಹಳ ತಡವಾಗಿ. ಒಂದು ಸಂಜೆ ಇಬ್ಬರೂ ಅವರ ಅಂಗಳದಲ್ಲಿ ಕೂತು ಎದುರಿನ ಬೆಟ್ಟ ನೋಡುತ್ತಿದ್ದೆವು. ಶಹಾಪುರದ ಬೆಟ್ಟ ದೂರದಿಂದ ನೋಡಿದರೆ ಬುದ್ಧ ಅಂಗಾತ ಮಲಗಿದ ಹಾಗೆ ಕಾಣುತ್ತದೆ. ಹಣೆ, ಮೂಗು, ಗಲ್ಲ ಎಲ್ಲ ಸ್ಪಷ್ಟ. ಹೊರಗಿನವರು ಬಂದು ಫೋಟೊ ತೆಗೆಯುತ್ತಾರೆ. ಸಿಸ್ಟರಮ್ಮ ಅದನ್ನು ನೋಡುತ್ತಲೇ ಹೇಳಿದರು:

"ನನ್ನ ತಂಗೀನ ನೀರಾಗಿಂದ ತಗದಾಗ ಹಿಂಗ ಮಲಗಿಸಿದ್ರಂತ. ನಾ ನೋಡ್ಲಿಲ್ಲ. ನಾ ಇಲ್ಲಿಂದ ಹೋಗಿ ಮುಟ್ಟೋದ್ರಾಗ ಮಣ್ಣಾಗಿತ್ತು. ತಾನಾಗಿ ಬಾವಿಗೆ ಹಾರ್‍ಯಾಳ ಅಂದ್ರು. ತಾನಾಗಿ ಸತ್ತವ್ರಿಗೆ ಆಗ ನಮ್ಮ ಚರ್ಚಿನಾಗ ಪ್ರಾರ್ಥನಿ ಇಲ್ಲ, ಶಿಲುಬಿ ಇಲ್ಲ. ಸಿಮಿಟ್ರಿ ಹಿಂದ ಒಂದು ಮೂಲಿ ಇರ್ತದ. ಕೆಟ್ಟವ್ರ ಮೂಲಿ. ಅಲ್ಲಿ ಹಾಕಿದ್ರು."

ಆಮೇಲೆ ಎದ್ದು ಒಳಗೆ ಹೋದರು.

*

ಭಾನುವಾರದ ಸಿನಿಮಾ ಶುರುವಾದದ್ದು ಅವರು ಮೊಣಕಾಲಿನಿಂದಾಗಿ ಹೊರಗೆ ಓಡಾಡುವುದು ಕಡಿಮೆಯಾದ ಮೇಲೆ. ದೊಡ್ಡ ಟೀವಿ ತಂದರು, ಇಂಟರ್ನೆಟ್ ಹಾಕಿಸಿದರು. ಹೊಸ ಮಲಯಾಳಂ ಸಿನಿಮಾಗಳೆಲ್ಲ ಮನೆಗೇ ಬರುತ್ತಿದ್ದವು. ಒಬ್ಬರೇ ನೋಡಲು ಬೇಜಾರು ಎಂದು ಓಣಿಯ ಹೆಂಗಸರನ್ನು ಕರೆದರು. ನಾನು, ನನ್ನ ಅತ್ತೆ, ಮೂಲೆಮನೆಯ ಶಾಂತಮ್ಮ; ಬಿಡುವಾದರೆ ಇನ್ನೂ ಕೆಲವರು. ಶಾಂತಮ್ಮ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುವವಳು. ರಾಮಸಮುದ್ರದ ಮಗಳು, ಶಹಾಪುರದ ಸೊಸೆ. ಸಿನಿಮಾದಲ್ಲಿ ಮಳೆ ಬಂದಾಗಲೆಲ್ಲ ಆಕೆಯದು ಒಂದೇ ಮಾತು: "ಎವ್ವಾ, ಇಷ್ಟು ನೀರು ಇಟಗೊಂಡು ಈ ಮಂದಿಗೆ ಅಳಾಕ ಏನ್ ಬಂದೈತ್ರಿ?"

ಸಿಸ್ಟರಮ್ಮ ಮಾತುಗಳನ್ನು ನಮ್ಮ ಭಾಷೆಗೆ ಹೇಳುತ್ತಿದ್ದರು. ಆದರೆ ಕತೆಗಿಂತ ಹೆಚ್ಚಾಗಿ ಊರನ್ನು ಹೇಳುತ್ತಿದ್ದರು. ಅರಮನೆಯಂಥ ಮನೆಯಲ್ಲಿ ಒಬ್ಬ ಮುದುಕ, ಅವನನ್ನು ನೋಡಿಕೊಳ್ಳಲು ಒಬ್ಬ ಬಾಡಿಗೆಯ ದಾದಿ ಕಂಡರೆ, "ಇದು ದುಬೈ ರೊಕ್ಕದ ಮನಿ. ಕಟ್ಟಿಸಿದವ್ರು ಯಾರೂ ಇದರಾಗ ಮಲಗಿಲ್ಲ" ಎನ್ನುತ್ತಿದ್ದರು. ಚಹಾದಂಗಡಿಯಲ್ಲಿ ಪೇಪರ್ ಹಿಡಿದು ಜಗಳಾಡುವವರನ್ನು ನೋಡಿ ನಕ್ಕು, "ಅಲ್ಲೆ ಎಲ್ಲಾರೂ ಲೋಕದ ಸುದ್ದಿ ಮಾತಾಡ್ತಾರ. ಮಗ್ಗಲ ಮನಿ ಸುದ್ದಿ ಕಣ್ಣಾಗ" ಎನ್ನುತ್ತಿದ್ದರು. ತೆಂಗಿನಕಾಯಿ ಕೀಳಲು ಬಂದವನು ಯಾವ ಬಾಗಿಲಲ್ಲಿ ನಿಂತ, ಅವನಿಗೆ ನೀರು ಯಾವ ಲೋಟದಲ್ಲಿ ಬಂತು, ಗಂಡಸರ ಎಲೆ ಎತ್ತಿದ ಮೇಲೆ ಹೆಂಗಸರು ಎಷ್ಟು ಹೊತ್ತಿಗೆ ಕೂತರು, ಇವೆಲ್ಲ ಅವರ ಕಣ್ಣು ತಪ್ಪುತ್ತಿರಲಿಲ್ಲ. ಬಿಟ್ಟು ಬಂದ ಊರು ಏನಾಯಿತು ಎಂಬುದನ್ನು ಅವರು ಹೀಗೆ ತಿಳಿದುಕೊಳ್ಳುತ್ತಿದ್ದರು. "ಈಗ ಹುಡುಗ್ಯಾರು ಸ್ಕೂಟರ್ ಮ್ಯಾಲ ಹೋಗ್ತಾರ, ನೋಡ್ರಿ. ಊಟಕ್ಕ ಮಾತ್ರ ಇನ್ನೂ ಕಡೀಗೇ."

ನಾನು ಒಮ್ಮೆ ಕೇಳಿದೆ, "ನಿಮ್ಮ ಮಂದಿ ಸಿನಿಮಾದಾಗ ಇಷ್ಟು ಖರೇ ಹೆಂಗ ತೋರಿಸ್ತಾರ್ರಿ? ನಮ್ಮವ್ರು ಹಂಗ ತೋರಿಸಂಗಿಲ್ಲಲ್ಲ."

ಅವರು ಹೇಳಿದರು: "ಅಲ್ಲಿ ಮನ್ಯಾಗಿನ ಮಾತು ಮನಿಯವ್ರು ಹೊರಗ ಬಿಡಂಗಿಲ್ಲ, ಟೀಚರ್. ಸತ್ರೂ ಬಿಡಂಗಿಲ್ಲ. ಸಿನಿಮಾದವ್ರು ಅದನ್ನ ಹೆಂಗೋ ವಾಸನಿ ಹಿಡದು ಬಂದು ತಗೊಂಡು ಹೋಗ್ತಾರ."

ಆಗ ಅದು ತಮಾಷೆಯ ಮಾತೆಂದೇ ನಾವೆಲ್ಲ ನಕ್ಕೆವು.

*

ಹೋದ ವರ್ಷ ಯುಗಾದಿ ಮುಗಿದ ಮೇಲಿನ ಒಂದು ಭಾನುವಾರ. ನಮ್ಮ ಕಡೆ ಬೇಸಿಗೆಯ ಮಧ್ಯಾಹ್ನಗಳಿಗೆ ಒಂದು ಗುಣವಿದೆ. ನಾಯಿ ಬೊಗಳುವುದಿಲ್ಲ, ಹಕ್ಕಿ ಕೂಗುವುದಿಲ್ಲ. ಹಾಡಹಗಲಿನಲ್ಲಿ ಊರಿಗೆ ಊರೇ ಉಸಿರು ಹಿಡಿದಂತಿರುತ್ತದೆ. ಆ ದಿನ ಹಾಗಿತ್ತು. ಒಳಗೆ ಕೂಲರ್ ತಿರುಗುತ್ತಿತ್ತು. ಸಿನಿಮಾ ಹೊಸದು, ಏನು ಎತ್ತ ಎಂದು ಯಾರಿಗೂ ಗೊತ್ತಿರಲಿಲ್ಲ.

ಹೆಂಚಿನ ಹಳೆಯ ಮನೆ. ತಂದೆ ಇಲ್ಲದ ಮನೆಯಲ್ಲಿ ಯಜಮಾನಿಕೆ ಮಾಡುವ ಅಣ್ಣ, ಕಾಯಿಲೆಯ ತಾಯಿ, ಒಬ್ಬಳು ತಂಗಿ. ತಂಗಿಗೆ ಬೇರೆ ಜಾತಿಯ ಹುಡುಗನ ಮೇಲೆ ಮನಸ್ಸು. ಕತೆ ಅಷ್ಟೇ. ಸಿಸ್ಟರಮ್ಮ ಎಂದಿನಂತೆ ಮಾತನ್ನು ನಮ್ಮ ಭಾಷೆಗೆ ಹೇಳುತ್ತಿದ್ದವರು ಯಾವಾಗಲೋ ಸುಮ್ಮನಾದರು. ನಾವು ಗಮನಿಸುವ ಹೊತ್ತಿಗೆ ಅವರು ಎದ್ದು ಟೀವಿಯ ಹತ್ತಿರ ನಿಂತಿದ್ದರು. ಚಿತ್ರ ನಿಲ್ಲಿಸಿರಲಿಲ್ಲ.

"ನಮ್ಮ ಮನಿ" ಅಂದರು.

"ನಿಮ್ಮ ಕಡಿ ಮನಿ ಎಲ್ಲಾ ಹಿಂಗ ಇರ್ತಾವಲ್ರಿ" ಎಂದಳು ಶಾಂತಮ್ಮ.

"ಇದು ನಮ್ಮ ಮನಿ."

ತೆರೆಯ ಮೇಲೆ ಆಗ ಮಧ್ಯಾಹ್ನ. ಹುಡುಗಿ ಹಿತ್ತಲಿನ ಬಾವಿಯಲ್ಲಿ ನೀರು ಸೇದುತ್ತಿದ್ದಾಳೆ. ಅಣ್ಣ ಬರುತ್ತಾನೆ. ಏನೋ ಕೇಳುತ್ತಾನೆ, ಅವಳು ಏನೋ ಹೇಳುತ್ತಾಳೆ. ನಮಗೆ ಅರ್ಥ ಹೇಳುವವರಿಲ್ಲ. ಆಮೇಲೆ ಅಣ್ಣನ ಬೆನ್ನು ಮಾತ್ರ ಕಾಣುತ್ತದೆ. ಅವನ ಕೈ ಒಮ್ಮೆ ಮುಂದೆ ಹೋಗುತ್ತದೆ. ಅರಚಿದ ಸದ್ದಿಲ್ಲ, ಬಿದ್ದ ಸದ್ದಿಲ್ಲ. ಹಗ್ಗದ ಗಡಗಡೆ ಒಂದೇ ತಿರುಗುತ್ತಲೇ ಇರುತ್ತದೆ, ನಿಲ್ಲುವವರೆಗೆ. ಅಣ್ಣ ಅಲ್ಲೇ ನಿಂತಿದ್ದು ಸುತ್ತ ನೋಡುತ್ತಾನೆ. ಅವಳ ಕಾಲಿನಿಂದ ಜಾರಿ ದೂರ ದೂರ ಬಿದ್ದಿದ್ದ ರಬ್ಬರ್ ಚಪ್ಪಲಿಗಳನ್ನು ಎತ್ತಿ ತಂದು ಬಾವಿಯ ಕಟ್ಟೆಯ ಪಕ್ಕ ಜೋಡಿಸಿ ಇಡುತ್ತಾನೆ, ತಾನಾಗಿ ಬಿಟ್ಟು ಹಾರಿದಳು ಅನ್ನುವ ಹಾಗೆ. ಆದರೆ ಆ ಹೊತ್ತಿಗೆ ಅವನೇ ಬಾವಿಗೆ ಬೆನ್ನು ಮಾಡಿ ಮನೆಯ ಕಡೆ ತಿರುಗಿರುತ್ತಾನೆ. ಚಪ್ಪಲಿಯೂ ಹಾಗೇ ಕೂರುತ್ತದೆ, ಮನೆಯ ಕಡೆ ಮುಖ ಮಾಡಿ.

ಸಿಸ್ಟರಮ್ಮನ ಬೆರಳು ಆ ಚಪ್ಪಲಿಗಳ ಮೇಲಿತ್ತು.

ಅಷ್ಟರಲ್ಲಿ ಕರೆಂಟ್ ಹೋಯಿತು. ಕೂಲರ್ ನಿಂತಿತು. ಕಪ್ಪಾದ ಟೀವಿಯ ಗಾಜಿನಲ್ಲಿ, ಈಗಷ್ಟೇ ಬಾವಿ ಇದ್ದ ಜಾಗದಲ್ಲಿ, ಸಾಲಾಗಿ ಕೂತ ನಮ್ಮ ಮುಖಗಳು ಕಂಡವು. ನನ್ನ ಅತ್ತೆ ಸೆರಗು ತಲೆಯ ಮೇಲೆ ಎಳೆದುಕೊಂಡರು. ಶಾಂತಮ್ಮ ಎದ್ದು ಹೊರಟೇ ಹೋದಳು.

ಸಿಸ್ಟರಮ್ಮ ಗಾಜಿನಿಂದ ಕೈ ತೆಗೆಯದೆ ನನಗೆ ಹೇಳಿದರು: "ನಾ ಊರಿಗೆ ಹೋದಾಗ ಅಕಿ ಚಪ್ಲಿ ಇನ್ನೂ ಬಾವಿ ಹಂತ್ಯಾಕ ಇದ್ವು, ಟೀಚರ್. ಹೆದರಿ ಯಾರೂ ಮುಟ್ಟಿದ್ದಿಲ್ಲ. ಮನಿ ಕಡಿ ಮುಖ ಮಾಡಿ ಇದ್ವು. ಹಾರಾಕ ಹೋದಾಕಿ ಚಪ್ಲಿ ಬಾವಿ ಕಡಿ ಮುಖ ಮಾಡಿ ಬಿಡ್ತಾಳ. ಇವು ಯಾಕ ಹಿಂಗ ಅದಾವ ಅಂತ ತಿಳೀಲಿಲ್ಲ. ಯಾರ ಮುಂದೂ ಅಂದಿಲ್ಲ. ನಮ್ಮವ್ವನ ಮುಂದೂ ಅಂದಿಲ್ಲ. ಇವ್ರಿಗೆ ಹೆಂಗ ಗೊತ್ತಾತು?"

*

ಸಿಸ್ಟರಮ್ಮನಿಗೆ ಊರಿನಲ್ಲಿ ಉಳಿದಿದ್ದವರು ಅಣ್ಣ ಒಬ್ಬರೇ. ಹಬ್ಬಕ್ಕೊಂದು ಫೋನು, ಅಷ್ಟೇ ಸಂಬಂಧ. ಮರುದಿನ ಫೋನ್ ಮಾಡಿದರು. ನಾನು ಪಕ್ಕದಲ್ಲಿದ್ದೆ. ಸಿನಿಮಾದ ಹೆಸರು ಹೇಳಿ, "ನೋಡಿದೆಯಾ?" ಎಂದು ಮಲಯಾಳಂನಲ್ಲಿ ಕೇಳಿದರು. ಅಷ್ಟು ನನಗೂ ಅರ್ಥವಾಗುತ್ತಿತ್ತು. ಆ ಕಡೆಯಿಂದ ಒಂದೆರಡು ಮಾತು ಬಂದು ಫೋನು ಇಟ್ಟ ಸದ್ದಾಯಿತು.

"ಸಿನಿಮಾ ನೋಡಿಲ್ಲಂತ. ನಮ್ಮ ಮನಿ ಕೆಡವಿ ಬಾಳ ವರ್ಷ ಆತಂತ" ಎಂದರು ಸಿಸ್ಟರಮ್ಮ. "ಬಾವಿ ಮುಚ್ಚಿಸ್ಯಾನಂತ. ಇಲ್ದಿದ್ದ ಮನ್ಯಾಗ ಸಿನಿಮಾ ಹೆಂಗ ತಗೀತಾರ, ನಿನಗ ವಯಸ್ಸಾಗೇತಿ ಅಂದ."

ಸಿನಿಮಾ ತೆಗೆದ ಜಾಗ ಯಾವುದೆಂದು ನಾನು ಫೋನಿನಲ್ಲಿ ಹುಡುಕಿದೆ. ಅಲ್ಲಿಗೆ ಹೋಗಿ ಬಂದವರು ಹಾಕಿದ ವಿಡಿಯೊಗಳಿದ್ದವು. ಮನೆಯ ವಿಷಯದಲ್ಲಿ ಅಣ್ಣ ಸುಳ್ಳು ಹೇಳಿರಲಿಲ್ಲ. ಅದು ಬೇರೆಯೇ ಜಿಲ್ಲೆ, ಬೇರೆಯೇ ಮನೆ. ಅದನ್ನು ತೋರಿಸಿದಾಗ ಸಿಸ್ಟರಮ್ಮ ತಲೆಯಾಡಿಸಿದರು.

"ಮನಿ ಬ್ಯಾರೆ ಆತು. ಚಪ್ಲಿ?"

ಶಾಲೆಗೆ ಸೂಟಿ ಬಿದ್ದ ಕೂಡಲೇ ಇಬ್ಬರೂ ಯಾದಗಿರಿಯಲ್ಲಿ ಕೇರಳದ ಮೇಲೆ ಕನ್ಯಾಕುಮಾರಿಗೆ ಹೋಗುವ ಗಾಡಿ ಹತ್ತಿದೆವು. ತಂಗಿ ಸತ್ತಾಗ ಊರಿಗೆ ಹೋಗಿ ಬಂದ ಮೇಲೆ ಅಷ್ಟೂ ವರ್ಷ ಅದೇ ಗಾಡಿ ಯಾದಗಿರಿಯ ಮೇಲೆ ಹಾದು ಹೋಗುತ್ತಿದ್ದರೂ ಅವರು ಅದರಲ್ಲಿ ಕೂತಿರಲಿಲ್ಲ. ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡಲಿಲ್ಲ. ಬಯಲು ಮುಗಿದು ಹಸಿರು ಶುರುವಾದ ಮೇಲಂತೂ ಕಣ್ಣು ಮುಚ್ಚಿಕೊಂಡೇ ಕೂತರು. "ಇದೆಲ್ಲ ನೋಡೇನಿ, ಟೀವ್ಯಾಗ" ಎಂದರು.

ಮೊದಲು ಹೋದದ್ದು ಸಿನಿಮಾದ ಮನೆಗೆ. ಮನೆಯವರು ಯಾರೂ ಇಲ್ಲ, ಎಲ್ಲ ಹೊರದೇಶದಲ್ಲಿ. ನೋಡಿಕೊಳ್ಳಲು ಒಬ್ಬ ವಯಸ್ಸಾದ ಗಂಡಸು ಇದ್ದ. ಗೇಟಿನಲ್ಲಿ ಸಿಸ್ಟರಮ್ಮನನ್ನು ನೋಡಿ, ಏನು ಬೇಕು ಎಂದೂ ಕೇಳದೆ, ಹಿತ್ತಲಿನ ಕಡೆ ಕೈ ತೋರಿಸಿದ. ಅವನು ಮಲಯಾಳಂನಲ್ಲಿ ಹೇಳಿದ್ದನ್ನು ಸಿಸ್ಟರಮ್ಮ ನಡೆಯುತ್ತಲೇ ಕನ್ನಡಕ್ಕೆ ತಿರುಗಿಸಿ ನನಗೆ ಹೇಳುತ್ತ ಹೋದರು, ಭಾನುವಾರಗಳಲ್ಲಿ ಹೇಳುತ್ತಿದ್ದ ಅದೇ ದನಿಯಲ್ಲಿ.

"ನಾವು ಮೊದಲನೇವ್ರಲ್ಲಂತ. ಸಿನಿಮಾ ಬಂದಾಗಿಂದ ಹೆಂಗಸ್ರು ಬರಾಕತ್ತಾರಂತ. ವಯಸ್ಸಾದವ್ರೇ ಜಾಸ್ತಿ. ಒಬ್ಬೊಬ್ರೇ ಬರ್ತಾರಂತ. ಎಲ್ಲಾರೂ ಇದು ನಮ್ಮ ಮನಿ ಅಂತಾರಂತ. ಎಲ್ಲಾರೂ ಬಾವಿ ಕೇಳ್ತಾರಂತ."

"ಬಾವಿ ಐತೇನ್ರಿ?"

ಅವರು ಅವನನ್ನು ಕೇಳಿದರು. ಅವನು ನಕ್ಕಂತೆ ಮಾಡಿದ, ಆದರೆ ನಗಲಿಲ್ಲ.

"ಇಲ್ಲಂತ. ಈ ಹಿತ್ತಲಾಗ ಯಾವತ್ತೂ ಬಾವಿ ಇದ್ದಿಲ್ಲಂತ. ಸಿನಿಮಾದವ್ರು ಹಲಗಿ ಹೊಡದು ಗಿಲಾವು ಮಾಡಿ ಕಟ್ಟ್ಯಾರ."

ಹಿತ್ತಲಿನಲ್ಲಿ ಅದಿತ್ತು. ಬಾವಿಯ ಕಟ್ಟೆಯಂತೆಯೇ ದುಂಡಗೆ, ಪಾಚಿಯ ಬಣ್ಣ ಬಳಿದದ್ದು. ಒಂದು ಕಡೆ ಗಿಲಾವು ಕಿತ್ತು ಹಲಗೆ ಕಾಣುತ್ತಿತ್ತು. ನಾನು ಇಣುಕಿದೆ. ಒಳಗೆ ಬರೀ ನೆಲ, ಮೊಣಕಾಲುದ್ದದ ಹುಲ್ಲು. ಸಿಸ್ಟರಮ್ಮನೂ ಬಂದು ಕಟ್ಟೆಗೆ ಕೈಯೂರಿ ಇಣುಕಿದರು. ಅವರು ಬಾವಿಯಂಥದ್ದೊಂದರೊಳಗೆ ನೋಡಿದ್ದನ್ನು ನಾನು ಕಂಡದ್ದು ಆವತ್ತೊಂದೇ ಸಲ.

ಆಮೇಲೆ ನಾನು ಕೆಳಗೆ ನೋಡಿದೆ. ಕಟ್ಟೆಯ ಸುತ್ತಲೂ ಚಪ್ಪಲಿಗಳಿದ್ದವು. ಹೆಂಗಸರ ಚಪ್ಪಲಿಗಳು, ಜೋಡಿ ಜೋಡಿಯಾಗಿ. ಕೆಲವು ಮಳೆಗೆ ನೆನೆದು ಬಣ್ಣ ಹೋದವು, ಕೆಲವು ಹೊಸವು. ಒಂದು ಜೋಡಿ ಬಹಳ ಸಣ್ಣದು, ಚಿಕ್ಕ ಹುಡುಗಿಯದು. ಯಾರೋ ಇಷ್ಟು ವರ್ಷ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಿರಬೇಕು. ಎಲ್ಲವೂ ಒಂದೇ ದಿಕ್ಕಿಗೆ ತಿರುಗಿದ್ದವು, ಮನೆಯ ಕಡೆಗೆ. ಹಿಂದಿನ ಬಾಗಿಲಿನಿಂದ ಯಾರಾದರೂ ಈಗ ಕರೆದರೆ ಎಲ್ಲ ಒಟ್ಟಿಗೆ ನಡೆದು ಒಳಗೆ ಹೋಗುತ್ತವೆ ಎನ್ನುವ ಹಾಗೆ.

ಕಾವಲಿನವನು ಮೆಲ್ಲಗೆ ಏನೋ ಹೇಳಿದ.

"ನಾನು ಯಾವೂ ಮುಟ್ಟಂಗಿಲ್ಲ ಅಂತಾನ" ಎಂದರು ಸಿಸ್ಟರಮ್ಮ. "ಅವ್ರವ್ರು ಹೆಂಗ ನೆನಪಿಟ್ಟಾರೋ ಹಂಗ ಇಡ್ತಾರ ಅಂತಾನ."

ಬಾಗಿಲಲ್ಲಿ ಯಾರ ಚಪ್ಪಲಿ ಕಂಡರೂ ತಿರುಗಿಸುತ್ತಿದ್ದ ಸಿಸ್ಟರಮ್ಮ ಅಲ್ಲಿ ಒಂದನ್ನೂ ತಿರುಗಿಸಲಿಲ್ಲ. ಹೊತ್ತು ಇಳಿಯುವ ಮುನ್ನ ಅಣ್ಣನ ಊರು ಸೇರಬೇಕೆಂದು ಅವಸರ ಮಾಡಿದರು.

*

ಅಣ್ಣನದು ಹೊಸ ಮನೆ. ದೊಡ್ಡದು, ಬಿಳಿಯದು. ಮುಂದೆಲ್ಲ ಸಿಮೆಂಟಿನ ಬಿಲ್ಲೆ ಹಾಸಿದ್ದರು. ಅವರ ಹೆಂಡತಿ ಬಾಗಿಲು ತೆಗೆದರು. ಮದುವೆಗೆ ಮುಂಚೆ ಮುಂಬಯಿಯಲ್ಲಿ ಬೆಳೆದವರಂತೆ, ಹಿಂದಿ ಬರುತ್ತಿತ್ತು. ನಮ್ಮ ಯಾದಗಿರಿಯ ಹಿಂದಿಯಲ್ಲಿ ನಾನು ಮಾತಾಡಬಲ್ಲೆ. ಆಕೆ ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು.

"ಆ ಸಿನಿಮಾದ ವಿಷಯಕ್ಕೆ ಬಂದಿರಾ? ನೋಡೇ ಇಲ್ಲ ಎಂದು ಅವರು ತಂಗಿಗೆ ಹೇಳಿದ್ದಾರೆ. ದಿನಾ ನೋಡುತ್ತಾರೆ. ಊಟವಾದ ಮೇಲೆ ಕೂರುತ್ತಾರೆ. ದನಿ ಪೂರ್ತಿ ಬಂದ್ ಮಾಡುತ್ತಾರೆ. ಒಂದು ಜಾಗ ಬಂದಾಗ ನಿಲ್ಲಿಸಿ ಸಂಜೆಯವರೆಗೂ ಹಾಗೇ ಇರುತ್ತಾರೆ. ನನಗೆ ಮನೆಯೊಳಗೆ ಇರಲು ಭಯವಾಗುತ್ತದೆ."

"ಯಾವ ಜಾಗ?"

"ಚಪ್ಪಲಿ" ಎಂದರು.

ಒಳಗೆ ಹೋದೆವು. ಪರದೆ ಎಳೆದ ಕೋಣೆ. ಉದ್ದನೆಯ ಕುರ್ಚಿಯಲ್ಲಿ ತೆಳ್ಳಗಿನ ಮುದುಕ, ಎದುರಿಗೆ ಟೀವಿ. ಅದರಲ್ಲಿ ಅದೇ ಚಿತ್ರ ನಿಂತಿತ್ತು. ಸಿಸ್ಟರಮ್ಮ ಒಂದು ಕುರ್ಚಿ ಎಳೆದು ಅವರ ಪಕ್ಕದಲ್ಲಿ ಕೂತರು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಅಣ್ಣ ತಂಗಿ ಕೂತು ಸಿನಿಮಾ ನೋಡುವ ಹಾಗೆ ಕೂತಿದ್ದರು. ಮೊದಲು ಮಾತಾಡಿದವರು ಅಣ್ಣ. ನಾಲ್ಕೇ ಪದ. ಅಷ್ಟು ಭಾನುವಾರಗಳ ಕಲಿಕೆಯಿಂದ ನನಗೆ ಅದು ಅರ್ಥವಾಯಿತು. ಅರ್ಥವಾಗಬಾರದಿತ್ತು ಅನಿಸಿತು.

"ಅವರಿಗೆ ಅದು ಹೇಗೆ ಗೊತ್ತಾಯಿತು?"

ಸಿಸ್ಟರಮ್ಮ ಅಳಲಿಲ್ಲ. ಕಿರುಚಲಿಲ್ಲ. ಎದ್ದು ಟೀವಿ ಆರಿಸಿದರು. ಅಣ್ಣನ ಎದುರು ನಿಂತು ನಿಧಾನವಾಗಿ, ಕಾಯಿಲೆಯವರಿಗೆ ಹೇಳುವ ಹಾಗೆ ಹೇಳಿದರು. ಅದನ್ನು ಆಮೇಲೆ ಗಾಡಿಯಲ್ಲಿ ನನಗೆ ತಿರುಗಿಸಿ ಹೇಳಿದರು: "ಅವ್ರಿಗೆ ನಮ್ಮದು ಗೊತ್ತಿಲ್ಲ. ಅವ್ರು ನಿನ್ನ ನೋಡೂ ಇಲ್ಲ, ಅಕಿನ ನೋಡೂ ಇಲ್ಲ. ಎಷ್ಟು ಮನ್ಯಾಗ ಆಗೇತೋ, ಅದನ್ನ ತಗದಾರ. ನಾಳಿ ನನ್ನ ಕೂಡ ಚರ್ಚಿಗೆ ಬಾ. ಎಲ್ಲಾರ ಮುಂದ ಹೇಳು. ಅಕಿ ಹಾರಿಲ್ಲ ಅಂತ ಹೇಳು."

ಮರುದಿನ ಅಣ್ಣ ಚರ್ಚಿಗೆ ಬಂದರು. ಕೋಲು ಹಿಡಿದು, ಹೆಂಡತಿಯ ಹೆಗಲ ಮೇಲೆ ಕೈಯಿಟ್ಟು. ಮಗಳು ಅಳಿಯ ಎಲ್ಲ ಇದ್ದರು. ಪಾದ್ರಿ ಚಿಕ್ಕ ವಯಸ್ಸಿನವರು. ಅಣ್ಣ ಹೇಳುವುದನ್ನು ಕೇಳುತ್ತ ಕೇಳುತ್ತ ಅವರು ಕೂತಲ್ಲಿಂದ ಎದ್ದು ನಿಂತರು. ತಂಗಿ ಓಡಿಹೋಗಲು ಬಟ್ಟೆಯ ಗಂಟು ಕಟ್ಟಿಟ್ಟಿದ್ದಳು, ಅದು ತನ್ನ ಕೈಗೆ ಸಿಕ್ಕಿತ್ತು, ಬಾವಿಯ ಹತ್ತಿರ ಕೇಳಿದಾಗ ಅವಳು ಸುಳ್ಳು ಹೇಳಲಿಲ್ಲ. ಇಷ್ಟೇ ಅಣ್ಣ ಹೇಳಿದ್ದು. ತಳ್ಳಬೇಕೆಂದು ತಳ್ಳಿದೆನೋ ಇಲ್ಲವೋ ತನಗೇ ಗೊತ್ತಿಲ್ಲ ಎಂದರು. ಚಪ್ಪಲಿ ಜೋಡಿಸಿದ್ದು ಮಾತ್ರ ಗೊತ್ತಿದೆ ಎಂದರು. ಮಗಳು ಅಪ್ಪನ ಪಕ್ಕದಿಂದ ಸರಿದು ದೂರ ಹೋಗಿ ನಿಂತಳು. ಪಾದ್ರಿ ಪೊಲೀಸ್ ಠಾಣೆಗೂ ಹೋಗಬೇಕಾಗುತ್ತದೆ ಎಂದಾಗ ಅಣ್ಣ ಹೂಂ ಎಂದರು. ಹೋದರು ಕೂಡ. ಆ ಕೇಸು ಇನ್ನೂ ಠಾಣೆಯಲ್ಲಿರುವಾಗಲೇ ಆ ಮಳೆಗಾಲದಲ್ಲಿ ತೀರಿಕೊಂಡರು ಎಂದು ಆಮೇಲೆ ಸುದ್ದಿ ಬಂತು.

ಸಿಮಿಟ್ರಿಯ ಹಿಂದಿನ ಮೂಲೆಯಲ್ಲಿ ಈಗ ಯಾರನ್ನೂ ಹೂಳುವುದಿಲ್ಲವಂತೆ. ಗಿಡಗಂಟಿ ಬೆಳೆದು, ಎಲ್ಲಿ ಯಾರಿದ್ದಾರೆ ಎಂದು ಹೇಳುವಂತಿರಲಿಲ್ಲ. ಅಣ್ಣ ನೇರವಾಗಿ ಒಂದು ಜಾಗಕ್ಕೆ ನಡೆದು ಹೋಗಿ ಕೋಲು ಊರಿದರು. ಯಾವ ಗುರುತೂ ಇಲ್ಲದ ಅಲ್ಲಿ, ಒಂದು ಹೆಜ್ಜೆಯೂ ತಪ್ಪದೆ. ಪಾದ್ರಿ ಪ್ರಾರ್ಥನೆ ಹೇಳಿದರು. ನಾವು ಹೊರಡುವ ದಿನ ಅಲ್ಲಿ ಮರದ ಶಿಲುಬೆ ನಿಂತಿತ್ತು. ಅದರ ಮೇಲಿನ ಅಕ್ಷರ ನನಗೆ ಓದಲು ಬರಲಿಲ್ಲ. ಸಿಸ್ಟರಮ್ಮ ಓದಿ ಹೇಳಿದರು: ಅನ್ನಮ್ಮ.

*

ಶಹಾಪುರಕ್ಕೆ ಬಂದ ಮೇಲೆ ಭಾನುವಾರದ ಸಿನಿಮಾ ನಿಲ್ಲಲಿಲ್ಲ. ಅವರು ಮೊದಲಿನಂತೆಯೇ ಎದ್ದು ಹೋಗಿ ಗಾಜಿಗೆ ಬೆರಳು ತಾಗಿಸುತ್ತಿದ್ದರು, ಮೊದಲಿನಂತೆಯೇ ನಗುತ್ತಿದ್ದರು. ಬಾಗಿಲಲ್ಲಿ ಚಪ್ಪಲಿ ತಿರುಗಿಸುವುದನ್ನು ಮಾತ್ರ ಬಿಟ್ಟರು. ಶಾಂತಮ್ಮ ಬಹಳ ದಿನ ಬರಲಿಲ್ಲ. ರೊಟ್ಟಿಯ ಕೆಲಸ ಹೆಚ್ಚಾಗಿದೆ ಎನ್ನುತ್ತಿದ್ದಳು. ಈ ಬೇಸಿಗೆ ಶುರುವಾಗುವ ಹೊತ್ತಿಗೆ ಒಂದು ಮಧ್ಯಾಹ್ನ ತಾನಾಗಿಯೇ ಬಂದು, ಎಲ್ಲರೂ ಕೂತಿದ್ದಾಗ, ಬಾಗಿಲಲ್ಲೇ ನಿಂತು ಕೇಳಿದಳು:

"ಸಿಸ್ಟರಮ್ಮ, ನಿಮ್ಮ ತಂಗಿ ಹೆಸರೇನ್ರಿ?"

"ಅನ್ನಮ್ಮ."

"ನಮ್ಮ ಮಂದಿ ಹೆಸರಿದ್ದಂಗ ಐತಲ್ರಿ" ಎಂದಳು. ಆಮೇಲೆ ಗೋಡೆಗೆ ಒರಗಿದಳು. "ನಮ್ಮಪ್ಪಗ ಒಬ್ಬಾಕಿ ತಂಗಿ ಇದ್ಲಂತ್ರಿ, ರಾಮಸಮುದ್ರದಾಗ. ಹೊಲದ ಬಾವ್ಯಾಗ ಸತ್ತಾಳಂತ. ಕಾಲು ಜಾರಿ ಬಿದ್ಲು ಅಂತಾರ. ಸಣ್ಣಾಕಿದ್ದಾಗ ನಾ ಆ ಬಾವಿಗೆ ಹೋದ್ರ ನಮ್ಮಪ್ಪ ಹೊಡೀತಿದ್ದ. ಆ ಸಿನಿಮಾ ನೋಡಿದಾಗಿಂದ ನಿದ್ದಿ ಇಲ್ರಿ ನನಗ. ಅವ್ರ ಮಾತು ಒಂದೂ ತಿಳೀಲಿಲ್ಲ. ಆದ್ರ ಅವ ಹೊಳ್ಳಿ ನಿಂತಿದ್ದು ನೋಡ್ರಿ, ಥೇಟ್ ನಮ್ಮಪ್ಪ ನಿಂತಂಗ."

ಸಿಸ್ಟರಮ್ಮ ಕೇಳಿದರು, "ಅಕಿ ಹೆಸರೇನ?"

ಶಾಂತಮ್ಮ ತಲೆ ಅಲ್ಲಾಡಿಸಿದಳು.

"ಗೊತ್ತಿಲ್ರಿ. ಮನ್ಯಾಗ ಯಾರೂ ಅಂದಿಲ್ಲ. ಸತ್ತಾಕಿ ಅಂತಿದ್ರು, ಅಷ್ಟ."

"ಹೋಗಿ ಕೇಳಕೊಂಡು ಬಾ" ಎಂದರು ಸಿಸ್ಟರಮ್ಮ. ಆಸ್ಪತ್ರೆಯಲ್ಲಿ ಆಜ್ಞೆ ಮಾಡುತ್ತಿದ್ದ ದನಿಯದು. "ಉಳದದ್ದು ಆಮ್ಯಾಲ ನೋಡೂಣು. ಮೊದಲ ಹೆಸರು ಕೇಳಕೊಂಡು ಬಾ."

ಶಾಂತಮ್ಮ ಹೋದಳು. ರಾಮಸಮುದ್ರದಲ್ಲಿ ಅಣ್ಣತಮ್ಮಂದಿರು ಬೈದು ಕಳಿಸಿದರಂತೆ. ಮತ್ತೆ ಹೋದಳು. ಗೊತ್ತಿದ್ದವರೆಲ್ಲ ಸತ್ತಿದ್ದಾರೆ ಎಂದರಂತೆ. ಕೊನೆಗೆ ಆ ಊರಿನಿಂದ ಯಾದಗಿರಿಗೆ ಮದುವೆಯಾಗಿ ಹೋಗಿದ್ದ ಮುದುಕಿಯೊಬ್ಬಳು, ಆ ಹುಡುಗಿಯ ಜೊತೆ ಆಡಿ ಬೆಳೆದವಳು, ಇನ್ನೂ ಇದ್ದಾಳೆಂದು ತಿಳಿದು ಅಲ್ಲಿಗೆ ಬಸ್ಸು ಹತ್ತಿದಳು.

ಅದೇ ದಿನ ಮಧ್ಯಾಹ್ನ ಊಟ ಮುಗಿಸಿ ಕುರ್ಚಿಯಲ್ಲಿ ಕೂತ ಸಿಸ್ಟರಮ್ಮ ಏಳಲಿಲ್ಲ. ಹೃದಯ ನಿಂತಿದೆ ಎಂದು ಡಾಕ್ಟರು ಹೇಳಿದರು. ಸಂಜೆಯ ಹೊತ್ತಿಗೆ ಅವರ ಕೈಯಲ್ಲಿ ಹುಟ್ಟಿದವರು, ಅವರ ಕೈಯ ಸೂಜಿ ಚುಚ್ಚಿಸಿಕೊಂಡವರು ಓಣಿಯ ತುಂಬ ನಿಂತಿದ್ದರು. ಸುರಪುರದಿಂದ, ತಿಂಥಣಿಯಿಂದ ಜನ ಬಂದರು. ಅವರನ್ನು ಬಿಳಿ ಸೀರೆಯಲ್ಲಿ ಪೆಟ್ಟಿಗೆಯೊಳಗೆ ಮಲಗಿಸಿದ್ದೆವು.

ಶಾಂತಮ್ಮ ಬಸ್ಸಿಳಿದು ಬಂದದ್ದು ಆಗ. ಸುದ್ದಿ ಆಕೆಗೆ ಗೊತ್ತಿರಲಿಲ್ಲ. ಜನರನ್ನು ಸರಿಸಿಕೊಂಡು ಒಳಗೆ ಬಂದಳು. ಪೆಟ್ಟಿಗೆ ನೋಡಿದಳು. ಅಳುತ್ತಾಳೆಂದು ನಾನು ಹಿಡಿಯಲು ಹೋದೆ. ಆಕೆ ನನ್ನ ಕೈ ಬಿಡಿಸಿಕೊಂಡು ಪೆಟ್ಟಿಗೆಯ ಪಕ್ಕ ಕೂತು, ಬಗ್ಗಿ, ಸಿಸ್ಟರಮ್ಮನ ಕಿವಿಯ ಹತ್ತಿರ ಬಾಯಿ ತಂದಳು. ಪಿಸುಗುಟ್ಟಲಿಲ್ಲ. ಅಲ್ಲಿದ್ದ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

"ನಿಂಗವ್ವ ಅಂತ್ರಿ, ಸಿಸ್ಟರಮ್ಮ. ನಮ್ಮ ಸೋದರತ್ತಿ ಹೆಸರು ನಿಂಗವ್ವ."